ಲಾರಿ ಹತ್ತಿ ಹೋದ ಮನೆ

ನನ್ನ ವಾರಗಿತ್ತಿಯ ಮನೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಲಾರಿಯಲ್ಲಿ ಹೋಯಿತು. ಮನೆಯ ಸಾಮಾನಲ್ಲ, ಮನೆಯೇ. ಕಂಬ, ಗೋಡೆ, ಬಾಗಿಲು, ಕಿಟಕಿ, ಮೇಲಿನ ಶೀಟು ಎಲ್ಲವನ್ನೂ ಪೇರಿಸಿಕೊಂಡ ಆ ಲಾರಿ ನಾವು ಬಾಡಿಗೆಗಿದ್ದ ಮನೆಯ ಮುಂದೆ ಬಂದು ನಿಂತಿತು. ಡ್ರೈವರ್ ಪಕ್ಕದ ಸೀಟಿನಿಂದ ಅವಳು ಇಳಿದು, ಒಂದು ಲೋಟ ಕಾಫಿ ಕುಡಿದು ಹೋಗೋಣ ಅಂತ ಬಂದೆ ಎಂದಳು. ಅವಳು ಬಂದದ್ದು ಕಾಫಿಗಲ್ಲ, ನನಗೆ ತೋರಿಸುವುದಕ್ಕೆ. ಇವತ್ತಿಗೂ ನನ್ನ ಅಭಿಪ್ರಾಯ ಅದೇ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಬಾವಿಗೆ ಇಳಿಸುವ ಸಿಮೆಂಟ್ ಬಳೆ, ಬೇಲಿಯ ಕಂಬ, ಕಾಂಪೌಂಡಿನ ಹಲಗೆ ಎಲ್ಲವನ್ನೂ ಎರಕ ಹೊಯ್ದು ಮಾರುವವನೊಬ್ಬ ನಮ್ಮ ಊರಿನ ಹೊರಗಿದ್ದ. ಅವನು ಮನೆಗಳನ್ನೂ ಹಾಗೇ ಮಾಡಿ ಮಾರಲು ಶುರು ಮಾಡಿದ್ದ. ಸಿಮೆಂಟ್ ನೆಲದ ಮೇಲೆ ಕಂಬಗಳನ್ನು ಬೋಲ್ಟು ಬಿಗಿದು ನಿಲ್ಲಿಸುವುದು, ಎರಡು ಕಂಬಗಳ ನಡುವೆ ಹಲಗೆಗಳನ್ನು ಮೇಲಿನಿಂದ ಇಳಿಬಿಡುವುದು, ಶೀಟು ಹೊದಿಸುವುದು, ಅಷ್ಟೇ. ಇಟ್ಟಿಗೆ ಮನೆಯ ಅರ್ಧ ಖರ್ಚೂ ಬೀಳುತ್ತಿರಲಿಲ್ಲ. ಮೈದುನ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಮಗ್ಗದ ಸದ್ದಿಗೆ ಯಾವ ಮಾಲೀಕರೂ ಅವನನ್ನು ಹೆಚ್ಚು ದಿನ ಇಟ್ಟುಕೊಳ್ಳುತ್ತಿರಲಿಲ್ಲ. ಊರ ಅಂಚಿನಲ್ಲಿ ಅಂಗೈಯಗಲದ ಜಾಗ ಸಿಕ್ಕಿದ್ದೇ ತಡ, ಗಂಡ ಹೆಂಡತಿ ಬಂದು ಮನೆ ಆರಿಸಿಕೊಂಡು ಹೋದರು.

ನನ್ನ ಸಂಕಟ ಏನೆಂದರೆ, ಆ ಮನೆತನಕ್ಕೆ ದೊಡ್ಡ ಸೊಸೆ ನಾನು. ಮೊದಲ ಸ್ವಂತ ಮನೆ ನನ್ನದಾಗಬೇಕಿತ್ತು. ಆಗುವುದರಲ್ಲಿಯೂ ಇತ್ತು. ನಮ್ಮ ಯಜಮಾನರು ಎಣ್ಣೆ ಮಿಲ್ಲಿನಲ್ಲಿ ದುಡಿದು ಸೈಟು ತೆಗೆದುಕೊಂಡಿದ್ದರು, ಸೈಜುಗಲ್ಲಿನ ಪಾಯವನ್ನೂ ಹಾಕಿಸಿದ್ದರು. ಅಲ್ಲಿಗೆ ನಿಂತಿತು. ಕಟ್ಟಿದರೆ ಇಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟಿನ ಮೋಲ್ಡು, ಇಲ್ಲದಿದ್ದರೆ ಬೇಡವೇ ಬೇಡ ಎನ್ನುವ ಜಾತಿಯ ಮನುಷ್ಯ ಅವರು. ಪ್ರತಿ ಯುಗಾದಿಗೂ ಈ ವರ್ಷ ಗೋಡೆ ಎಬ್ಬಿಸೋಣ ಎನ್ನುತ್ತಿದ್ದರು. ಪಾಯದೊಳಗೆ ಜಾಲಿ ಗಿಡ ಎದ್ದವು. ಭಾನುವಾರ ಸಂಜೆ ನಾನು ಅಲ್ಲಿಗೆ ಹೋಗಿ, ಆಡುಗಳನ್ನು ಓಡಿಸಿ, ಇದು ನನ್ನ ಅಡುಗೆಮನೆ ಎಂದುಕೊಂಡ ಚೌಕದಲ್ಲಿ ಸುಮ್ಮನೆ ನಿಂತು ಬರುತ್ತಿದ್ದೆ. ವಾಪಸು ಬಂದರೆ ಬಾಡಿಗೆ ಮನೆಯ ಒಡತಿ, ಬಟ್ಟೆಗೆ ಸೋಪು ಹಚ್ಚಿದ ಹೊತ್ತಿಗೆ ಸರಿಯಾಗಿ ನಲ್ಲಿ ನಿಲ್ಲಿಸುತ್ತಿದ್ದಳು.

ಇಂಥದ್ದರಲ್ಲಿ ಕಿರಿಯವಳ ಮನೆ ವಾರ ಕಳೆಯುವುದರೊಳಗೆ ನಿಂತೇಬಿಟ್ಟಿತು. ಗೃಹಪ್ರವೇಶಕ್ಕೆ ನಾನು ಹೋದದ್ದು ಹರಸುವುದಕ್ಕಲ್ಲ, ಹುಳುಕು ಹುಡುಕುವುದಕ್ಕೆ. ಹುಡುಕಿದೆ ಕೂಡ. ಹಲಗೆಗಳ ಸಂದಿಗೆ ಮೆತ್ತಿದ ಸಿಮೆಂಟು ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಗೋಡೆಗೆ ಮೊಳೆ ಇಳಿಯುತ್ತಿರಲಿಲ್ಲ, ದೇವರ ಫೋಟೋಗಳು ಮೇಲಿನ ಕಬ್ಬಿಣದ ಪೈಪಿನಿಂದ ತಂತಿಯಲ್ಲಿ ನೇತಾಡುತ್ತಿದ್ದವು. ಆದರೆ ಅಕ್ಕಪಕ್ಕದವರಿಗೆ ಇದ್ಯಾವುದೂ ಕಾಣಲಿಲ್ಲ. 'ಇಲ್ಲು ಚಾಲಾ ಬಾಗುಂದಿ' ಎಂದು ತೆಲುಗಿನಲ್ಲಿ ಹೊಗಳಿದ್ದೇ ಹೊಗಳಿದ್ದು. ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ, ಅವತ್ತು ಬಾರದವಳ ಹಾಗೆ ಕೂತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರಿಗೆ ಹೇಳಿದೆ, ಅದು ಮನೆಯಲ್ಲ, ಕೋಳಿಗೂಡು ಅಂತ. ಅವರು ನಕ್ಕರು. ಆ ನಗು ನನಗೆ ಬಹಳ ಹಿತವಾಯಿತು.

ಒಂದು ಹುಳುಕನ್ನು ಮಾತ್ರ ಅಲ್ಲಿ ಬಾಯಿ ಬಿಡದೆ ಉಳಿಸಿಕೊಂಡು ಬಂದಿದ್ದೆ. ಮನೆಯ ಬಾಗಿಲು ದಕ್ಷಿಣಕ್ಕಿತ್ತು. ರಸ್ತೆ ಆ ಕಡೆ ಇದೆಯೆಂದು ಬಾಗಿಲನ್ನೂ ಅತ್ತಲೇ ಇಟ್ಟಿದ್ದರು. ಪಂಚಾಂಗ ನೋಡುವವರ ಹತ್ತಿರ ಹೋಗಿ ಮೈದುನನ ರಾಶಿ ಹೇಳಿ ಕೇಳಿದೆ. ಆಗಿಬರುವುದಿಲ್ಲ ಎಂದರು. ಹಾಗೆ ನೋಡಿದರೆ ನಾನು ಸುಳ್ಳೇನೂ ಹೇಳಲಿಲ್ಲ, ಕೇಳಿಕೊಂಡು ಬಂದದ್ದನ್ನು ನಮ್ಮ ಜೊತೆಯಲ್ಲೇ ಇದ್ದ ಅತ್ತೆಯವರ ಕಿವಿಗೆ ಹಾಕಿದೆ. ಅವರು ಹೆದರಿ, ಬಾಗಿಲು ಬದಲಾಗುವ ತನಕ ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿ ಕಳಿಸಿದರು. ಒಂದು ಮನೆಯ ಬಾಗಿಲು ಬದಲಾಯಿಸುವುದೆಂದರೆ ಗೋಡೆ ಒಡೆಯಬೇಕು, ಗಾರೆಯವರನ್ನು ಕಾಯಬೇಕು, ಅರ್ಧ ಮನೆ ಮತ್ತೆ ಕಟ್ಟಬೇಕು. ಅವಳ ಹೊಸ ಮನೆಯ ತುಂಬ ಧೂಳೇಳುವುದನ್ನು ನೆನೆಸಿಕೊಂಡು ನಾನು ಎರಡು ದಿನ ನೆಮ್ಮದಿಯಾಗಿ ಉಂಡೆ.

ಮೈದುನ ಆ ಎರಕದವನಿಗೆ ಹೇಳಿ ಕಳಿಸಿದ. ಆಳುಗಳು ಬಂದು ಪೂರ್ವದ ಎರಡು ಕಂಬಗಳ ನಡುವಿನ ಹಲಗೆಗಳನ್ನು ಎತ್ತಿ ದಕ್ಷಿಣಕ್ಕೆ ಇಳಿಸಿದರು, ದಕ್ಷಿಣದ ಬಾಗಿಲನ್ನು ಚೌಕಟ್ಟಿನ ಸಮೇತ ಪೂರ್ವಕ್ಕೆ ನಿಲ್ಲಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತಂತೆ. ಅತ್ತೆಯವರು ಸಂತೋಷದಿಂದ ಟ್ರಂಕು ತೆಗೆದುಕೊಂಡು ಹೊರಟರು. ನಾಲ್ಕು ದಿನಕ್ಕೆಂದು ಹೋದವರು ಅಲ್ಲೇ ಉಳಿದರು. ಸ್ವಂತ ಮನೆಯ ಗಾಳಿಯೇ ಬೇರೆ ಕಣವ್ವ ಎಂದು ಬಂದವರ ಹತ್ತಿರ ಹೇಳಿ ಕಳಿಸುತ್ತಿದ್ದರು.

ಆವತ್ತಿನಿಂದ ನನಗೆ ಆ ಮನೆ ಬೇಕೆನಿಸಿತು. ಅಂಥದ್ದೊಂದು ಅಲ್ಲ, ಅದೇ. ಗೋಡೆ ಕಿತ್ತು ಬೇಕಾದ ಕಡೆ ಇಟ್ಟುಕೊಳ್ಳುವ ಮನೆ ಅವಳಿಗೆ, ಎಲ್ಲಿಗೂ ಹೋಗದ ಕಲ್ಲಿನ ಪಾಯ ನನಗೆ. ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಒಂದು ದಿನ ನಾಚಿಕೆ ಬಿಟ್ಟು, ನಮ್ಮ ಪಾಯದ ಮೇಲೂ ಅಂಥದ್ದೇ ಒಂದು ನಿಲ್ಲಿಸಿಬಿಡೋಣ ಎಂದು ಯಜಮಾನರಿಗೆ ಹೇಳಿದೆ.

'ನೀನೇ ಅಲ್ವೇನೆ ಕೋಳಿಗೂಡು ಅಂದಿದ್ದು? ನನ್ನನ್ನೂ ಗೂಡಿಗೆ ಹಾಕ್ತೀಯಾ?' ಎಂದರು.

ನೆಂಟರಿಗೆಲ್ಲ ನಾನೇ ಹೇಳಿಕೊಂಡು ಬಂದಿದ್ದ ಮಾತು ಅದು. ಈಗ ನಾನೇ ಹೋಗಿ ಅದರೊಳಗೆ ಕೂತರೆ ನಗುವವರ ಮುಖಗಳು ಒಂದೊಂದಾಗಿ ಕಣ್ಮುಂದೆ ಬಂದವು. ಮತ್ತೆ ಕೇಳಲಿಲ್ಲ. ವರ್ಷಗಳು ಉರುಳಿದವು, ಎರಡು ಬಾಡಿಗೆ ಮನೆ ಬದಲಾಯಿಸಿದೆವು. ಅತ್ತ ಮೈದುನನಿಗೆ ಮಾಲೀಕರ ಕಾಟ ತಪ್ಪಿದ್ದರಿಂದ ಮಗ್ಗ ಒಂದು ದಿನವೂ ನಿಲ್ಲಲಿಲ್ಲ. ಒಂದಿದ್ದ ಮಗ್ಗ ಎರಡಾಯಿತು. ಬಾಡಿಗೆಗೆ ಹೋಗುತ್ತಿದ್ದದ್ದೆಲ್ಲ ಉಳಿಯಿತು. ಪಕ್ಕದ ಜಾಗವನ್ನೂ ತೆಗೆದುಕೊಂಡು ಅಲ್ಲಿ ಇಟ್ಟಿಗೆ ಮನೆ ಎಬ್ಬಿಸಿ, ಮೋಲ್ಡು ಹಾಕಿಸಿ, ಬಣ್ಣವನ್ನೂ ಹೊಡೆಸಿದರು. ನಮ್ಮ ಯಜಮಾನರು ಕನಸು ಕಂಡ ಮನೆ, ಅವರ ತಮ್ಮನಿಗೆ.

ಹೊಸ ಮನೆಯ ಊಟ ಮುಗಿದ ಮೇಲೆ ವಾರಗಿತ್ತಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಹಳೆಯದು ಅಲ್ಲೇ ಪಕ್ಕದಲ್ಲಿ ನಿಂತಿತ್ತು.

'ಅಕ್ಕ, ತಪ್ಪು ತಿಳ್ಕಬ್ಯಾಡ. ಇದನ್ನ ಗುಜರಿಗೆ ಕೊಡಾಕೆ ನಂಗೆ ಮನಸ್ಸಿಲ್ಲ. ಬಿಚ್ಚಿ ಕಳಿಸ್ತೀವಿ, ನಿಮ್ ಪಾಯದ ಮ್ಯಾಲೆ ನಿಲ್ಲಿಸ್ಕಂತೀರಾ?'

ಉಟ್ಟು ಬಿಟ್ಟ ಸೀರೆ ಕೊಡುವಂತೆ ಕೊಡುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಬೇಡ ಎನ್ನಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ ಮಾತು. 'ಯಾವತ್ತು ಕಳಿಸ್ತೀಯಾ?' ಎಂದು ಕೇಳಿಬಿಟ್ಟೆ. ಯಜಮಾನರನ್ನು ಕೇಳುವ ಗೋಜಿಗೂ ಹೋಗಲಿಲ್ಲ.

ಮನೆ ಬಂದು ನಿಂತಿತು. ಪಾಯ ದೊಡ್ಡದು, ಮನೆ ಚಿಕ್ಕದು. ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಕಾಣುತ್ತಿತ್ತು. ಮಿಕ್ಕ ಜಾಗವೇ ಸುತ್ತ ಜಗಲಿಯಾಯಿತು. ಯಜಮಾನರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು, ಆಮೇಲೆ ಜಗಲಿಯ ಮೇಲೆ ಕೂತು ಪೇಪರ್ ಓದುವುದನ್ನು ರೂಢಿ ಮಾಡಿಕೊಂಡರು. ಗೃಹಪ್ರವೇಶವನ್ನು ನಾನು ಅವಳಿಗಿಂತ ಒಂದು ಕೈ ಮೇಲಾಗಿಯೇ ಮಾಡಿದೆ. ನಾಯಕನಹಟ್ಟಿಯ ನೆಂಟರನ್ನೂ ಬಿಡಲಿಲ್ಲ. ಕೋಳಿಗೂಡಿನ ಮಾತನ್ನು ಯಾರೂ ಎತ್ತಲಿಲ್ಲ. ಹೋಳಿಗೆಯ ಊಟ ಅಷ್ಟು ಗಟ್ಟಿಯಾಗಿತ್ತು.

ಅವತ್ತು ವಾರಗಿತ್ತಿ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಒಲೆ ಈ ಮೂಲೆಗಿಟ್ಟರೆ ಸೆಖೆ ಆಗುವುದಿಲ್ಲ, ಮಳೆಗಾಲದಲ್ಲಿ ಆ ಸಂದಿಗೆ ಮೊದಲು ಸಿಮೆಂಟು ಬಳಿಯಬೇಕು ಎಂದು ಹೇಳಿಕೊಡುತ್ತಾ ನನ್ನ ಅಡುಗೆಮನೆಯಲ್ಲಿ ತಾನೇ ಒಡತಿಯಂತೆ ಓಡಾಡಿದಳು. ನಾನು ಅವಳು ಹೇಳಿದ ಮೂಲೆಗೇ ಒಲೆ ಇಟ್ಟೆ. ಸಂಜೆ ನೆಂಟರೆಲ್ಲ ಹೊರಟ ಮೇಲೆ, ಹೊರಗೆ ಪಾತ್ರೆ ತೊಳೆದು ಒಳಗೆ ಬಂದು ನೋಡಿದರೆ, ಅವಳು ಗೋಡೆಗೆ ಅಂಗೈ ಒತ್ತಿಕೊಂಡು ಒಬ್ಬಳೇ ಅಳುತ್ತಿದ್ದಳು.

'ಆ ದೊಡ್ಡ ಮನ್ಯಾಗೆ ನಂಗೆ ನಿದ್ದೆ ಹತ್ತಾಂಗಿಲ್ಲಕ್ಕ. ನನ್ ಜೀವ ಇದ್ರಾಗೇ ಐತೆ' ಎಂದಳು.

ಸಮಾಧಾನ ಮಾಡಬೇಕಿತ್ತು. ಆದರೆ ನನಗೆ ಆ ಅಳುವಿನ ಮೇಲೂ ಹೊಟ್ಟೆಕಿಚ್ಚಾಯಿತು. ಜೀವಮಾನವಿಡೀ ಬಯಸಿದ ಮನೆ ಕೊನೆಗೂ ನನ್ನದಾಗಿತ್ತು, ನನಗೆ ಅದರ ಮೇಲೆ ಸುರಿಸುವುದಕ್ಕೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ನನಗಿಂತ ಮೊದಲೇ ಬಂದು ಅದನ್ನು ಪ್ರೀತಿಸಿಬಿಟ್ಟವಳು ಅಲ್ಲಿ ನಿಂತಿದ್ದಳು. ನಾನು ಅವಳ ಕೈಚೀಲ ತಂದು ಕೈಗೆ ಕೊಟ್ಟು, ಮೊಳಕಾಲ್ಮೂರಿಗೆ ಇನ್ನು ಒಂದೇ ಬಸ್ಸಿರುವುದು, ಹೊರಡು ಎಂದೆ.