ಹೊಂಗೇಪಾಳ್ಯಕ್ಕೆ ರೈಲು

ನೆಲಮಂಗಲದಿಂದ ಹೊಸಕೋಟೆಗೆ ನೇರ ರೈಲು ಬಿಟ್ಟವಳು ನಾನು. ಹೀಗೆಂದ ಕೂಡಲೇ ನಮ್ಮ ಕಡೆಯವರು ನಗುತ್ತಾರೆ. ನಮ್ಮಲ್ಲಿ ರೈಲು ಬಿಡುವುದೆಂದರೆ ಇಲ್ಲದ್ದನ್ನು ಇದೆಯೆಂದು ನಂಬಿಸುವುದು. ನಾನು ಎರಡೂ ಅರ್ಥದಲ್ಲಿ ಬಿಟ್ಟಿದ್ದೇನೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಆ ರೈಲು ಓಡುತ್ತಿದ್ದದ್ದು ದೊಡ್ಡಬಳ್ಳಾಪುರದ ನಮ್ಮ ಮನೆಯ ನಡುಮನೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕದಲ್ಲಿದ್ದ ಕಂಪ್ಯೂಟರಿನೊಳಗೆ. ದೊಡ್ಡಬೆಳವಂಗಲದಲ್ಲಿ ನಿಲ್ಲುತ್ತಿತ್ತು, ಸಮೇತನಹಳ್ಳಿಯಲ್ಲಿ ನಿಲ್ಲುತ್ತಿತ್ತು, ನಾನು ಕಾಫಿಗೆ ಎದ್ದರೆ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು.

ಆ ಕಂಪ್ಯೂಟರ್ ಬಂದದ್ದು ಸೀರೆಗಾಗಿ. ನಮ್ಮದು ಮಗ್ಗದ ಮನೆ. ಅಂಚಿಗೆ ನವಿಲು, ಸೆರಗಿಗೆ ಬಳ್ಳಿ, ಒಡಲಿಗೆ ಬುಟ್ಟಾ ಬಿಡಿಸುವುದಕ್ಕೆ ಈಗ ಎಲ್ಲರೂ ಕಂಪ್ಯೂಟರ್ ಇಟ್ಟಿದ್ದಾರೆ ಎಂದು ನಮ್ಮ ಯಜಮಾನರು ತಂದರು. ಜೋಡಿಸಿಕೊಟ್ಟವನು ಧಾರಾಳಿ, ಅಂಗಡಿಯವರು ಕೊತ್ತಂಬರಿ ಸೊಪ್ಪು ಹಾಕಿಕೊಡುವ ಹಾಗೆ ಒಂದು ರೈಲ್ವೆ ಕಟ್ಟುವ ಆಟವನ್ನೂ ಅದರೊಳಗೆ ಹಾಕಿಕೊಟ್ಟಿದ್ದ. ಏನಿದು ನೋಡಿ ಎದ್ದುಬಿಡೋಣ ಎಂದು ನಾನು ಒಂದು ಮಧ್ಯಾಹ್ನ ಅದರ ಮುಂದೆ ಕುಳಿತೆ. ಒಲೆಯ ಮೇಲಿದ್ದ ಬೇಳೆ ತಳ ಹಿಡಿದು, ಸೀದು, ಹೊಗೆಯಾಗಿ, ಪಕ್ಕದ ಮನೆಯವರು ಬಂದು ಒಲೆ ಆರಿಸಿದರು. ಆ ಹೊತ್ತಿಗೆ ನನ್ನ ಮೊದಲ ಎಂಜಿನ್ ಹೊರಟಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ತೆರೆಯ ಮೇಲೆ ಗುಡ್ಡ, ಹೊಳೆ, ಬಯಲು, ನಡುನಡುವೆ ಪುಟ್ಟ ಪುಟ್ಟ ಊರುಗಳು. ನೀವು ಹಳಿ ಹಾಸಬೇಕು, ನಿಲ್ದಾಣ ಕಟ್ಟಬೇಕು, ರೈಲು ಕೊಂಡು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಅಪ್ಪಣೆ ಕೊಡಬೇಕು. ಜನ ಹತ್ತಿದರೆ ನಿಮ್ಮ ಕಂಪನಿ ಬದುಕುತ್ತದೆ, ಹತ್ತದಿದ್ದರೆ ಮುಳುಗುತ್ತದೆ. ಊರುಗಳಿಗೆಲ್ಲ ನಾಲಿಗೆ ತಿರುಗದ ವಿಲಾಯಿತಿ ಹೆಸರುಗಳಿದ್ದವು. ಅವನ್ನು ಬದಲಾಯಿಸಬಹುದು ಎಂದು ಗೊತ್ತಾದ ದಿನ ನಾನು ತಹಶೀಲ್ದಾರಳಾದೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲ ಬಂದವು. ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಗುಡ್ಡ ನಂದಿ ಬೆಟ್ಟವಾಯಿತು.

ದೊಡ್ಡವರು ರೈಲ್ವೆ ಕಟ್ಟಿದ್ದು ಕಬ್ಬಿಣ, ಕಲ್ಲಿದ್ದಲು, ಹತ್ತಿ ಸಾಗಿಸುವುದಕ್ಕೆ, ದಂಡು ಸಾಗಿಸುವುದಕ್ಕೆ ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಹೆಂಗಸರ ಕೈಗೆ ಕೊಟ್ಟಿದ್ದರೆ ಹಳಿಗಳು ಬೇರೆಯೇ ಕಡೆ ಹೋಗುತ್ತಿದ್ದವು ಎಂದು ನನಗೆ ಈಗ ಖಾತ್ರಿಯಾಗಿದೆ. ನನ್ನ ಮೊದಲ ಲೈನು ನನ್ನ ತವರಿಗೆ. ಎರಡನೆಯದು ನಾದಿನಿಯ ಮನೆಗೆ. ಮೂರನೆಯದು ಒಳ್ಳೆಯ ಹಲ್ಲಿನ ಡಾಕ್ಟರಿರುವ ಊರಿಗೆ. ಕಂಕುಳಲ್ಲಿ ಮಗು, ಕೈಯಲ್ಲಿ ಬ್ಯಾಗು, ಬಾಯಲ್ಲಿ ಟಿಕೆಟ್ಟು ಹಿಡಿದು ಬಸ್ಸು ಬದಲಾಯಿಸಿದವಳಿಗೆ ಮಾತ್ರ ನೇರ ರೈಲಿನ ಬೆಲೆ ಗೊತ್ತು.

ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಊರಿಗೆ ಊರೇ ಕಿವಿ ಬಂದಂತೆ ಬೆಚ್ಚುತ್ತದೆ. ಕಂಪ್ಯೂಟರಿಗೆ ಮಾತ್ರ ಬ್ಯಾಟರಿ ಇತ್ತು. ಮಗ್ಗ ನಿಂತು ಒಳಗೆ ಬಂದ ಯಜಮಾನರು ನನ್ನ ರೈಲು ಓಡುತ್ತಿರುವುದನ್ನು ಕಂಡು, "ರೈಲ್ವೆ ಮಂತ್ರಿಗಳೇ, ಬಡವರ ಊಟಕ್ಕೇನಾದ್ರೂ ವ್ಯವಸ್ಥೆ ಉಂಟಾ?" ಎನ್ನುತ್ತಿದ್ದರು. ಹೀಗೆ ಮಗ್ಗ ನಿಂತ ಒಂದು ಮಧ್ಯಾಹ್ನವೇ ನಮ್ಮ ಅತ್ತೆ ಮೊದಲ ಸಲ ನನ್ನ ಕುರ್ಚಿಯ ಹಿಂದೆ ಬಂದು ನಿಂತದ್ದು.

ಅತ್ತೆ ಚೌಕಾಬಾರದಲ್ಲಿ ಪಳಗಿದವರು. ಆ ಆಟದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ನಿಮ್ಮ ಕಾಯಿ ಒಳಮನೆಗೆ ಹೋಗುವಂತಿಲ್ಲ. ಕವಡೆ ಹಿಡಿದರೆ ಅತ್ತೆ ಮೊಮ್ಮಕ್ಕಳ ಕಾಯಿಗೂ ಕರುಣೆ ತೋರಿಸುವವರಲ್ಲ. ಆದ್ದರಿಂದ ನನ್ನ ಆಟದಲ್ಲೂ ಅವರು ಯುದ್ಧೋತ್ಸಾಹ ತೋರಿಸಬಹುದು ಎಂದುಕೊಂಡಿದ್ದೆ. ಹಳಿಗೆ ಅಡ್ಡವಾಗಿ ಒಂದು ಮನೆಯಿತ್ತು. ಆಟದಲ್ಲಿ ಅದಕ್ಕೊಂದು ಗುಂಡಿಯಿದೆ. ಒತ್ತಿದರೆ ಮನೆ ಢಬ್ಬೆಂದು ಮಾಯ. ಒತ್ತಿದೆ.

"ಅಯ್ಯೋ, ಅದ್ರಲ್ಲಿದ್ದೋರು?" ಎಂದರು ಅತ್ತೆ.

"ಯಾರೂ ಇರಲ್ಲ ಅತ್ತೆ, ಬರೀ ಚಿತ್ರ."

"ಮನೆ ಅಂದ್ಮೇಲೆ ಯಾರಾದ್ರೂ ಇದ್ದೇ ಇರ್ತಾರೆ. ಕೇಳ್ದೆ ಕೆಡವ್ಬೇಡ ಕಣೆ ಸುಧಾ."

ಅಂದಿನಿಂದ ನಾನು ಮನೆ ಕೆಡವುವುದನ್ನು ಬಿಟ್ಟೆ. ನನ್ನ ಹಳಿಗಳು ಮನೆಗಳನ್ನು ಸುತ್ತಿ, ಮರಗಳನ್ನು ಬಳಸಿ, ಎಲ್ಲರಿಗೂ ದಾರಿ ಬಿಟ್ಟುಕೊಂಡು ಹೋಗತೊಡಗಿದವು. "ಇದೇನ್ ರೈಲ್ವೆ ಲೈನಾ, ಸೆರಗಿನ ಬಳ್ಳೀನಾ?" ಎಂದು ಯಜಮಾನರು ಕೇಳಿದರು. ನಾನು ನಕ್ಕೆ. ಅತ್ತೆ ನಗಲಿಲ್ಲ.

ಅವರು ಯಾಕೆ ನಗಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ದೇವನಹಳ್ಳಿಯ ಆಚೆ ಹೊಂಗೇಪಾಳ್ಯ ಎಂಬ ಪುಟ್ಟ ಊರು ಅತ್ತೆಯ ತವರು. ವಿಮಾನ ನಿಲ್ದಾಣಕ್ಕೆ ಜಾಗ ಬೇಕೆಂದಾಗ ಆ ಊರೂ ಹೋಯಿತು. ಊರಿನಲ್ಲಿದ್ದ ಅವರ ಒಬ್ಬನೇ ತಮ್ಮ ನಂಜುಂಡಪ್ಪನವರು ಬೂದಿಗೆರೆಯಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೋದರು. ಅದಕ್ಕೆ ಮುಂಚೆ ಪ್ರತಿ ವರ್ಷ ಗೌರಿ ಹಬ್ಬ ಹತ್ತಿರ ಬಂತೆಂದರೆ ಅವರು ತಪ್ಪದೆ ನಮ್ಮ ಮನೆಗೆ ಬರುತ್ತಿದ್ದರು. ಕೈಚೀಲದಲ್ಲಿ ಹಿತ್ತಲ ಮರದ ಚಕೋತ ಹಣ್ಣುಗಳು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಹೊರಡುವಾಗ ಎದ್ದು ನಿಂತು, "ಅಕ್ಕಯ್ಯ, ಹಬ್ಬಕ್ಕೆ ಮನೆಗೆ ಬಾ" ಎನ್ನುತ್ತಿದ್ದರು. ಅತ್ತೆ ಆ ಮಾತು ಬಂದ ಮೇಲೆಯೇ ಸೀರೆ ತೆಗೆದಿಡುತ್ತಿದ್ದರು.

ಊರು ಹೋದ ಮೇಲೆ ಅವರು ಬರಲಿಲ್ಲ. ಫೋನಿನಲ್ಲಿ ಮಾತಾಡುತ್ತಾರೆ. ಮಂಡಿ ನೋವು ಹೇಗಿದೆ, ಮೊಮ್ಮಗಳು ನಡೀತಾಳಾ ಎಲ್ಲ ಕೇಳುತ್ತಾರೆ. ಹಬ್ಬದ ಮಾತು ಬರುವ ಹೊತ್ತಿಗೆ ಇಬ್ಬರಿಗೂ ಏನೋ ಕೆಲಸ ನೆನಪಾಗಿ ಫೋನು ಇಡುತ್ತಾರೆ. ಹೆಣ್ಣುಮಗಳು ಕರೆಯದೆ ತವರಿಗೆ ಹೋಗಬಾರದು ಎಂದು ಅತ್ತೆಗೆ ಅವರಮ್ಮ ಹೇಳಿಕೊಟ್ಟಿದ್ದರು. ನಾವು ಕರೆದುಕೊಂಡು ಹೋಗುತ್ತೇವೆ ಎಂದರೂ ಕೇಳುತ್ತಿರಲಿಲ್ಲ. ಹಬ್ಬದ ದಿನ ಪೂಜೆ ಮುಗಿಸಿ, ಬಾಗಿಲ ಕಡೆ ನೋಡುವುದಿಲ್ಲ ಎಂದು ತೋರಿಸಿಕೊಳ್ಳುವ ಹಾಗೆ ಗೋಡೆಯ ಕಡೆ ತಿರುಗಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. 

ಅದಕ್ಕೇ ಒಂದು ದಿನ, ಅವರು ಹಿಂದೆ ನಿಂತಿರುವಾಗ, ನನ್ನ ನಕ್ಷೆಯಲ್ಲಿ ದೇವನಹಳ್ಳಿಯ ಆಚೆಗೆ ಒಂದು ಪುಟ್ಟ ನಿಲ್ದಾಣ ಕಟ್ಟಿ ಹೊಂಗೇಪಾಳ್ಯ ಎಂದು ಹೆಸರಿಟ್ಟೆ. ಅತ್ತೆ ಕನ್ನಡಕ ತರಿಸಿಕೊಂಡು ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತುಬಿಟ್ಟರು. ಅಲ್ಲಿಂದ ಮುಂದೆ ನಮ್ಮ ಕಂಪನಿಗೆ ಇಬ್ಬರು ಯಜಮಾನಿಯರು.

ಹೊಂಗೇಪಾಳ್ಯಕ್ಕೂ ದೊಡ್ಡಬಳ್ಳಾಪುರಕ್ಕೂ ಎರಡು ರೈಲು ಕೊಂಡೆವು. ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು. ನಾನು ಹೊರಡಿಸುವ ಗುಂಡಿಗೆ ಕೈ ಹಾಕಿದ್ದೇ ತಡ, "ತಡಿ, ಅದ್ರಲ್ಲಿ ಏನೈತೆ?" ಎಂದರು ಅತ್ತೆ.

"ಇನ್ನೂ ಏನಿಲ್ಲ."

"ನಮ್ಮೂರಿಗೆ ಬರಿಗೈಲಿ ಕಳಿಸ್ತೀಯಾ? ಚೆನ್ನಾಗಿರುತ್ತಾ? ತುಂಬ್ಕೊಂಡು ಹೋಗ್ಲಿ ಬಿಡು. ಅಲ್ಲಿಂದ ಬರೋದೂ ಅಷ್ಟೇ, ತವರಿಂದ ಯಾರಾದ್ರೂ ಬರಿಗೈಲಿ ಬರ್ತಾರಾ?"

ಆಟದಲ್ಲಿ ಅಂಥದೊಂದು ಅಪ್ಪಣೆ ಇದೆ. ಪೂರ್ತಿ ತುಂಬುವ ತನಕ ಹೊರಡಬೇಡ ಎಂದು ರೈಲಿಗೆ ಹೇಳಿಡಬಹುದು. ಕಲ್ಲಿದ್ದಲ ಗಾಡಿಗಳಿಗೆ ಇರುವ ಅಪ್ಪಣೆ ಅದು. ನಾನು ಅತ್ತೆಯ ಮಾತಿನಂತೆ ಎರಡೂ ಕಡೆಯ ಪ್ಯಾಸೆಂಜರ್ ರೈಲುಗಳಿಗೆ ಅದನ್ನೇ ಹೇಳಿದೆ. ಜಗತ್ತಿನಲ್ಲಿ ಈ ಆಟ ಆಡುವವರು ಎಷ್ಟು ಜನವೋ, ಮರ್ಯಾದೆಗಾಗಿ ರೈಲು ನಿಲ್ಲಿಸಿದವರು ನಾವಿಬ್ಬರೇ ಇರಬೇಕು.

ರೈಲುಗಳು ನಿಂತವು. ನಿಂತೇ ಇದ್ದವು. ಆಟದೊಳಗಿನ ಬೇಸಗೆ ಹೋಗಿ ಮಳೆಗಾಲ ಬಂತು. ಮೊದಮೊದಲು ನಾಲ್ಕಾರು ಜನ ನಿಲ್ದಾಣಕ್ಕೆ ಬಂದು ಕಾದು ವಾಪಸ್ಸು ಹೋದರು, ಆಮೇಲೆ ಯಾರೂ ಬರಲಿಲ್ಲ. ಈ ಕಡೆಯದು ದೊಡ್ಡಬಳ್ಳಾಪುರದಲ್ಲಿ, ಆ ಕಡೆಯದು ಹೊಂಗೇಪಾಳ್ಯದಲ್ಲಿ. ನಡುವೆ ನಾನು ಅಷ್ಟು ಪ್ರೀತಿಯಿಂದ ಬಳಸಿ ಬಳಸಿ ಹಾಸಿದ ಹಳಿ ಖಾಲಿ ಬಿದ್ದಿತ್ತು. ಅತ್ತೆ ದಿನಾ ಊಟವಾದ ಮೇಲೆ ಬಂದು, "ಹೊರಟ್ವಾ?" ಎಂದು ಕೇಳುವರು. ಇಲ್ಲ ಎಂದರೆ ಸುಮ್ಮನೆ ಹೋಗುವರು.

ಹಬ್ಬಕ್ಕೆ ಒಂದೆರಡು ದಿನವಿತ್ತು. ಆವತ್ತು ಅವರು ಹೋಗದೆ ಕೂತರು.

"ಯಾಕೆ ಜನ ಬರ್ತಿಲ್ಲ ಸುಧಾ?"

"ರೈಲು ಓಡಾಡ್ತಿಲ್ವಲ್ಲ ಅತ್ತೆ, ಅದಕ್ಕೆ. ಓಡಾಡದೆ ಇರೋ ರೈಲಿಗೆ ಯಾರು ಬಂದು ಕಾಯ್ತಾರೆ?"

"ರೈಲು ಯಾಕೆ ಓಡಾಡ್ತಿಲ್ಲ?"

"ಜನ ಬರ್ಲಿ ಅಂತ ಕಾಯ್ತಾ ಐತೆ."

ಅತ್ತೆ ತೆರೆಯನ್ನು ನೋಡುತ್ತ ಕೂತರು. ಮಗ್ಗಗಳ ಸದ್ದು ಬರುತ್ತಿತ್ತು. ನಾನು ಆಟದ ಮಾತನ್ನಷ್ಟೇ ಹೇಳಿದ್ದೆ, ಆದರೆ ಹೇಳಿ ಮುಗಿಸಿದವಳು ಅತ್ತೆಯ ಮುಖ ನೋಡದೆ ಸೆರಗಿನಿಂದ ಕೀಬೋರ್ಡು ಒರೆಸತೊಡಗಿದೆ.

"ಇದಕ್ಕೆ ಏನು ಮಾಡ್ಬೇಕು?"

"ಒಂದನ್ನ ಖಾಲಿ ಕಳಿಸ್ಬೇಕು ಅತ್ತೆ. ಮೊದಲನೇ ಸಲ ಖಾಲೀನೇ ಹೋಗ್ಬೇಕು."

"ಯಾವುದನ್ನ?"

"ಯಾವುದಾದ್ರೂ ಆಗುತ್ತೆ."

ಅವರು ಎದ್ದು ಹೋದರು. ನಾನು ಅಧಿಕಪ್ರಸಂಗ ಮಾಡಿದೆನೇನೋ ಎಂದು ಆ ರಾತ್ರಿ ಅನ್ನ ಇಳಿಯಲಿಲ್ಲ. ಬೆಳಿಗ್ಗೆ ನೋಡಿದರೆ ಅತ್ತೆ ತಲೆ ಬಾಚಿ, ಹಸಿರಂಚಿನ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಬೂದಿಗೆರೆಗೆ ದೇವನಹಳ್ಳೀಲಿ ಬಸ್ ಬದಲಾಯಿಸ್ಬೇಕಂತಲ್ಲ, ನಡಿ" ಎಂದರು. ಹಣ್ಣು, ಹೂವು, ಏನಾದರೂ ಹಿಡಿದುಕೊಳ್ಳೋಣ ಎಂದೆ. "ಏನೂ ಬೇಡ. ಚೀಲ ಹುಡುಕ್ತಾ ಕೂತ್ರೆ ನನ್ ಮನಸ್ಸು ಬದಲಾಗುತ್ತೆ" ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದರು. ಕಾಂಪೌಂಡುಗಳು, ಬೋರ್ಡುಗಳು, ಅರ್ಧ ಕಟ್ಟಿದ ಮನೆಗಳು ಹಿಂದೆ ಹೋದವು. ಹೊಂಗೇಪಾಳ್ಯ ಯಾವ ಕಡೆ ಇತ್ತೆಂದು ನಾನು ಕೇಳಲಿಲ್ಲ.

ನಂಜುಂಡಪ್ಪನವರು ಬನಿಯನ್ ಪಂಚೆಯಲ್ಲಿ ಗೇಟಿನೊಳಗೆ ಹೂಕುಂಡಗಳಿಗೆ ಪೈಪು ಹಿಡಿದು ನೀರು ಬಿಡುತ್ತಿದ್ದರು. ಅಕ್ಕನನ್ನು ನೋಡಿ ಪೈಪು ಹಿಡಿದ ಹಾಗೇ ನಿಂತರು. ನೀರೆಲ್ಲ ಅವರ ಕಾಲ ಮೇಲೆ ಹರಿಯಿತು.

"ಅಕ್ಕಯ್ಯ, ನೀನಾ?"

"ನಾನೇ ಕಣೋ ನಂಜ."

 ನಂಜುಂಡಪ್ಪನವರೇ ಬಾಯಿ ಬಿಟ್ಟರು. "ಪ್ರತಿ ವರ್ಷಾನೂ ಹೊರಡ್ತೀನಿ ಅಕ್ಕ. ಬಸ್ ಸ್ಟ್ಯಾಂಡ್ ತಂಕ ಬಂದು ವಾಪಸ್ ಹೋಗ್ತೀನಿ. ಏನು ತಗೊಂಡ್ ಬರ್ಲಿ ಹೇಳು? ಚಕೋತದ ಮರ ಹೋಯ್ತು. ಅಂಗಡೀಲಿ ಕೊಂಡ ಹಣ್ಣು ಹಿಡ್ಕೊಂಡು ನಿನ್ನ ಮುಂದೆ ಹೆಂಗ್ ನಿಂತ್ಕೊಳ್ಲಿ?"

ಅತ್ತೆ ಎರಡೂ ಅಂಗೈ ಬಿಡಿಸಿ ತೋರಿಸಿದರು. "ನೋಡು, ನಾನೇನ್ ತಂದಿದೀನಿ?" ಎಂದು ಗೇಟು ತಳ್ಳಿ ಒಳಗೆ ಕಾಲಿಡಲು ಹೋದರು.

"ತಡಿ, ತಡಿ!" ಎಂದು ತಮ್ಮ ಕೂಗಿದರು. "ಅಲ್ಲೇ ನಿಂತ್ಕೋ. ನಾನಿನ್ನೂ ಕರ್ದಿಲ್ಲ."

ಪೈಪು ಬಿಸಾಕಿ ಒಳಗೆ ಓಡಿದರು. ಅರವತ್ತು ದಾಟಿದ ನಮ್ಮ ಅತ್ತೆ, ಹೇಳಿದ ಮಾತು ಕೇಳುವ ಹುಡುಗಿಯ ಹಾಗೆ ಗೇಟಿನಾಚೆ ರಸ್ತೆಯಲ್ಲಿ ಸೆರಗು ಹೊದ್ದು ನಿಂತರು. ನಂಜುಂಡಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದರು. ಗೇಟು ದಾಟಿ ರಸ್ತೆಗಿಳಿದು, ಅಕ್ಕನ ಎದುರು ನಿಂತು, "ಅಕ್ಕಯ್ಯ, ಹಬ್ಬಕ್ಕೆ ಮನೆಗೆ ಬಾ" ಎಂದರು.

ಅತ್ತೆ ಕದಲಲಿಲ್ಲ. ಆಕಾಶದ ಕಡೆ ಒಮ್ಮೆ ನೋಡಿದರು.

"ಏನಂದೆ? ಆ ಇಮಾನದ ಸದ್ದಲ್ಲಿ ಒಂದೂ ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳು."

ಅವರು ಇನ್ನೊಂದು ಸಲ, ಮೇಲಿನ ಮನೆಯ ಬಾಡಿಗೆ ಹುಡುಗರು ಬಗ್ಗಿ ನೋಡುವಷ್ಟು ಗಟ್ಟಿಯಾಗಿ, ಕಣ್ಣೊರೆಸಿಕೊಂಡು ಕರೆದರು. ಅತ್ತೆ ಒಳಗೆ ಹೋದರು.

ನಾನು ಅತ್ತೆಯ ಪಕ್ಕದಲ್ಲೇ ನಿಂತಿದ್ದೆ. ವಿಮಾನ ಆಗಲೇ ಬಹಳ ದೂರ ಹೋಗಿತ್ತು. ಮೊದಲನೇ ಸಲ ಕರೆದದ್ದೇ ನನಗೆ ಚೆನ್ನಾಗಿ ಕೇಳಿಸಿತ್ತು.