ಮಾಮಾನ ಖೋಲಿ

ಚಳಿಗಾಲದ ಛಟ್ಟಿ ಅಮಾವಾಸ್ಯೆ ಕಳೆದ ಮೊದಲ ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಕುಲಗೋಡದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ತಂಗಿ, ಬಾಣಂತಿಗೆ ನೀರು ಹಾಕಲು ಬಂದಿದ್ದ ನೆರೆಮನೆಯ ಮುದುಕಿ. ಇಷ್ಟೇ ಜನ ಎಂದು ನಾನು ತಿಳಿದಿದ್ದೆ. ಕಣಗಲಾಕ್ಕೆ ಕೊಟ್ಟಿದ್ದ ತಂಗಿಯ ಮಗಳು ಹೆರಿಗೆಗೆ ಬಂದವಳು, ಕೂಸಿನೊಂದಿಗೆ ಒಳಗೆ ಅಡುಗೆಮನೆಯಲ್ಲಿ ಮಲಗಿರಬೇಕು ಅಂದುಕೊಂಡೆ. ವಿಚಾರಿಸಲಿಲ್ಲ.

ನಾನು ಫೌಜಿನ ಸ್ಟೋರಿನಲ್ಲಿ ಕೆಲಸ ಮಾಡಿದವನು. ಸಾಮಾನು ಇಟ್ಟಲ್ಲೇ ಇರಬೇಕು, ಎಣಿಸಿದರೆ ಎಣಿಕೆ ಕೂಡಬೇಕು. ನಿವೃತ್ತನಾಗಿ ನಾಸಿಕದಲ್ಲಿ ಉಳಿದ ಮೇಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ನನ್ನ ಹಾಸಿಗೆ ನಾನೇ ಮಡಚುತ್ತೇನೆ. ಅಲ್ಲಿಯ ಫ್ಲ್ಯಾಟಿನಲ್ಲಿ ಹಳೆಯದು ಒಂದೂ ಇಲ್ಲ. ಹಳೆಯದೆಲ್ಲ ಕುಲಗೋಡದಲ್ಲಿತ್ತು. ಅವ್ವನ ಬೀಸುವ ಕಲ್ಲು, ಅಪ್ಪ ಕುರಿ ಉಣ್ಣೆ ಕತ್ತರಿಸುತ್ತಿದ್ದ ಕತ್ತರಿ, ನಾನು ಹುಟ್ಟಿದ ಹಗ್ಗದ ಹೊರಸು, ನಾಲ್ಕು ಕರಿ ಕಂಬಳಿ. ಅವ್ವ ತೀರಿಕೊಂಡಾಗ ಮನೆಯನ್ನು ತಂಗಿಗೆ ಬಿಟ್ಟುಕೊಟ್ಟೆ. ಇದ್ದ ಒಂದೇ ಖೋಲಿಗೆ ಇವನ್ನೆಲ್ಲ ತುಂಬಿ ಕೀಲಿ ಹಾಕಿದೆ. ಕೀಲಿಕೈ ಅವಳ ಹತ್ತಿರವೇ ಇತ್ತು. ಪ್ರತಿ ರವಿವಾರ ಫೋನು ಮಾಡುತ್ತಿದ್ದೆ. ಕಂಬಳಿ ಬಿಸಿಲಿಗೆ ಹಾಕಿದೆಯಾ, ಬೇವಿನ ಎಲೆ ಬದಲಿಸಿದೆಯಾ? "ಹಾಕೇನಿ ಅಣ್ಣಾ," ಅನ್ನುತ್ತಿದ್ದಳು. ಊರಿನಲ್ಲಿ ನನ್ನದೊಂದು ಇದ್ದ ಹಾಗೇ ಇದೆ ಎಂಬ ಸಮಾಧಾನದಲ್ಲಿ ಆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಅವತ್ತು ಗೋಕಾಕದ ಬಸ್ಸಿನಿಂದ ಇಳಿದು ಬಂದವನು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಖೋಲಿ ತೆಗೆಸಿದೆ. ಬೇವಿನ ವಾಸನೆ ಬಂತು. ಎಲ್ಲವೂ ಇಟ್ಟಲ್ಲೇ ಇತ್ತು. ಕಂಬಳಿ ಎಣಿಸಿದೆ. ಮೂರು.

"ಒಂದ್ ಕಂಬಳಿ ಕಡಿಮಿ ಐತಿ. ಎಲ್ಲೈತಿ ಅದು?"

ತಂಗಿ ಚಹಾದ ಕಪ್ಪು ಹಿಡಿದು ನಿಂತೇ ಇದ್ದಳು.

"ನಿನ್ನ ಕೇಳಾಕತ್ತೇನಿ. ಕೀಲಿಕೈ ನಿನ್ನ ಕಡೆನ ಇತ್ತಲ್ಲ?"

ಪಡಸಾಲೆಯ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿಯನ್ನು ಪರದೆಯಂತೆ ಇಳಿಬಿಟ್ಟಿದ್ದರು. ಹಿಂದೆ ಜೋಳದ ಚೀಲಗಳಿವೆ ಅಂದುಕೊಂಡಿದ್ದೆ. ತಾಡಪತ್ರಿ ಸರಿಯಿತು. ಹಸಿರು ಬಳೆಯ ಕೈಯೊಂದು ಕಂಬಳಿಯನ್ನು ಹೊರಗೆ ಚಾಚಿತು.

"ತಗೋರಿ ಮಾಮಾ. ಇಲ್ಲೈತಿ."

ನಾನು ಅದನ್ನು ತೆಗೆದುಕೊಂಡೆ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ತೆಗೆದುಕೊಂಡು, ಕೈಗಿದ್ದ ಅಭ್ಯಾಸದಂತೆ ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದೆ. ಕಂಬಳಿ ಇನ್ನೂ ಬೆಚ್ಚಗಿತ್ತು. ಒಳಗಿನಿಂದ ಕೂಸು ಅಳತೊಡಗಿತು.

ತಂಗಿ ಗಡಿಬಿಡಿಯಿಂದ ಹೇಳಿದಳು: "ಕೂಸಿಗಿ ಥಂಡಿ ಆಗಾಕತ್ತಿತ್ತು ಅಣ್ಣಾ, ಅದಕ್ಕ ಒಂದ ತಗದೆ. ಅವ್ವನ ಕಂಬಳಿ ಖರೆ, ಆದ್ರ ಕಂಬಳಿಗಿ ಮೈಲಿಗಿ ಇಲ್ಲಲ್ಲ?"

ಉಣ್ಣೆಗೆ ಮೈಲಿಗೆ ಅಂಟುವುದಿಲ್ಲ ಎಂಬುದು ನಮ್ಮಂಥ ಕುರಿ ಸಾಕುವವರ ಮನೆಗಳಲ್ಲಿ ಹುಟ್ಟಿದಾಗಿನಿಂದ ಕೇಳುವ ಮಾತು. ಬಾಣಂತಿ ಹೊದ್ದದ್ದಕ್ಕೆ ನನಗೆ ಸಿಟ್ಟು ಬಂದಿದೆ ಎಂದು ಅವಳು ತಿಳಿದಿದ್ದಳು. ಅಂಥ ಅಣ್ಣನಾಗಿಬಿಟ್ಟಿದ್ದೆ.

ಮುದುಕಿ ಸುಮ್ಮನಿರುವವಳಲ್ಲ. "ನಾಳೆ ಕಣಗಲಾದಿಂದ ಬೀಗತಿ ಬರಾಕತ್ತಾಳ ತಮ್ಮಾ. ಅಳಿಯ ಬಂದು ಇದನ್ನೆಲ್ಲ ನೋಡಿ ಹೋಗ್ಯಾನ. 'ತವರಾಗ ಖೋಲಿ ಇಲ್ಲಂದ್ರ ಬಾಣಂತಿನ ನಮ್ಮನಿಗೇ ಕರಕೊಂಡ ಹೊಕ್ಕೇವಿ' ಅಂದಾಳಂತ ಆಕಿ. ಖೋಲಿ ಐತಿ, ಅದರಾಗ ಬೀಸು ಕಲ್ಲಿನ ಬಾಣಂತನ ನಡದೈತಿ ಅಂತ ನಿನ್ನ ತಂಗಿ ಯಾವ ಬಾಯಲೆ ಹೇಳಬೇಕು?"

"ಯವ್ವಾ, ಸುಮ್ಮನಿರ ನೀ," ಎಂದಳು ತಂಗಿ.

"ನಾ ಯಾಕ ಸುಮ್ಮನಿರಲಿ? ನಂಗೇನ ಅವ ಅಣ್ಣ ಅಲ್ಲ."

ಕೂಸು ಹುಟ್ಟಿದ ಸುದ್ದಿ ಹೇಳಲು ತಂಗಿ ಫೋನು ಮಾಡಿದ್ದು ನೆನಪಾಯಿತು. "ಅಣ್ಣಾ, ಖೋಲಿ ಒಂದೀಟ..." ಎಂದು ಶುರು ಮಾಡಿದ್ದಳು. ಇಲಿ ಬಂದಿದೆಯೇನು ಎಂದು ನಾನು ನಡುವೆಯೇ ಕೇಳಿದ್ದೆ. ಇಲ್ಲ ಅಂದಿದ್ದಳು, ಅಲ್ಲಿಗೆ ಮಾತು ಮುಗಿದಿತ್ತು. ಬಾಣಂತಿಗೆ ಗಾಳಿ ತಾಗಬಾರದು, ಹೊರಸಿನ ಕೆಳಗೆ ಕೆಂಡ ಇಟ್ಟು ಬೆನ್ನು ಕಾಸಬೇಕು ಎಂಬುದು ನನಗೇನು ಗೊತ್ತಿಲ್ಲದ್ದೇ? ಅದೇ ಖೋಲಿಯಲ್ಲಿ, ಅದೇ ಹೊರಸಿನ ಮೇಲೆ ಅವ್ವ ನನ್ನನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ಹೊರಸನ್ನು ಜೋಪಾನ ಮಾಡಿದ್ದೆ, ಅದು ಯಾತಕ್ಕೆ ಇದ್ದದ್ದು ಎಂಬುದನ್ನು ಮರೆತಿದ್ದೆ.

ತಂಗಿಯ ಗಂಡ ಕುರಿ ಹಿಂಡಿನೊಂದಿಗೆ ಊರಾಚೆ ಇದ್ದ. ಹೀಗಾಗಿ ಖೋಲಿ ಖಾಲಿ ಮಾಡುವ ಕೆಲಸ ನನ್ನದೇ ಆಯಿತು. ಬೀಸುವ ಕಲ್ಲನ್ನು ಉರುಳಿಸಿ ಹಿತ್ತಲಿಗೆ ಹಾಕಿದೆ. ಕತ್ತರಿಯನ್ನು ತಂಗಿಗೆ ಕೊಟ್ಟೆ; "ಇದು ಹರಿತ ಐತೇನಣ್ಣಾ?" ಎಂದು ಕೇಳಿ ಅಟ್ಟದ ಮೇಲೆ ಒಗೆದಳು. ಬಿಸಿಲಿನಲ್ಲಿ ನೋಡಿದರೆ ಎಲ್ಲವೂ ಸಣ್ಣವು. ಹೊರಸಿನ ಹಗ್ಗ ಮುಟ್ಟಿದಲ್ಲೆಲ್ಲ ಹರಿಯಿತು. ಯಾರನ್ನೂ ಮಲಗಿಸದೆ ಕಾದಿಟ್ಟಿದ್ದರೂ ಲಡ್ಡು ಹಿಡಿದು ಶಿಥಿಲವಾಗಿತ್ತು. ಕುರಿ ಹಟ್ಟಿಯ ಬಲೆಗೆಂದು ತಂದ ನೈಲಾನ್ ಹಗ್ಗವೊಂದೇ ಮನೆಯಲ್ಲಿತ್ತು. ಹಸಿರು ಬಣ್ಣದ್ದು. ಅದನ್ನೇ ಹೆಣೆಯಲು ಕೂತೆ.

"ಮಿಲ್ಟ್ರಿಯಾಗ ಹಿಂಗ ಹೆಣೀತಿದ್ರೇನ ತಮ್ಮಾ?" ಎಂದಳು ಮುದುಕಿ. "ನಡಕ ಜೋತು ಬಿದ್ದೈತಿ. ಬಾಣಂತಿ ಮಲಗಾಕೋ, ಎಮ್ಮಿ ಈಸಾಕೋ?"

ತಾಡಪತ್ರಿಯ ಹಿಂದೆ ತಂಗಿಯ ಮಗಳು ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ. ಬಿಚ್ಚಿ ಮತ್ತೆ ಬಿಗಿದೆ.

ಅಷ್ಟರಲ್ಲಿ ತಂಗಿ ಬಾಗಿಲ ಬಳಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಬರ್ರಿ ನಾಳಿಗಿ, ಖೋಲ್ಯಾಗ ಮಲಗಸಾಕತ್ತೇವ್ರಿ... ಸುಣ್ಣ ಹಚ್ಚೂದಿತ್ರಿ, ಅದಕ್ಕ ತಡ ಆತು... ಹೌದ್ರಿ, ನಮ್ಮಣ್ಣನ ನಿಂತು ಮಾಡಸ್ಯಾನ." ಬೀಗತಿಯ ಮುಂದೆ ನನ್ನ ಮಾನ ಉಳಿಸಲು ಅವಳು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು, ಮುದುಕಿಯ ಅಷ್ಟೂ ಮಾತಿಗಿಂತ ಹೆಚ್ಚು ನಾಟಿತು. ತಲೆ ಎತ್ತಲಾಗದೆ ಗಂಟು ಹಾಕುತ್ತ ಕೂತೆ.

ಹೊತ್ತು ಇಳಿಯುವುದರೊಳಗೆ ಹೊರಸು ಖೋಲಿ ಸೇರಿತು. ಒಂದು ಕಂಬಳಿ ಕಿಟಕಿಗೆ, ಒಂದು ಬಾಗಿಲಿಗೆ, ಒಂದು ಹೊರಸಿನ ಮೇಲೆ. ಮುದುಕಿ ಮೊದಲು ತಾನು ಕೂತು ಜಗ್ಗಿ ನೋಡಿ "ಇರಲಿ" ಅಂದಳು. ತಾಯಿ, ಕೂಸು ಒಳಗೆ ಹೋದರು. ನಾಲ್ಕನೆಯ ಕಂಬಳಿ ಬೆಳಿಗ್ಗೆ ನಾನು ಮಡಚಿಟ್ಟಲ್ಲೇ, ಪಡಸಾಲೆಯ ಗೂಟದ ಕೆಳಗೆ ಇತ್ತು. ತಣ್ಣಗಾಗಿತ್ತು. ಒಳಗೆ ಒಯ್ದು, ಮಡಿಕೆ ಬಿಚ್ಚಿ, ಬಾಣಂತಿಯ ಮುಖ ನೋಡದೆ ಅವಳ ಕಾಲಿನ ಮೇಲೆ ಹೊದಿಸಿ ಬಂದೆ.