ಯಾವ ಪರ್ದಾ?

ನನ್ನ ಕೆಲಸದ ಬಗ್ಗೆ ನನಗೆ ಸಂಕೋಚವಿಲ್ಲ. ಹತ್ತನೆಯ ತರಗತಿಗೆ ಓದು ನಿಲ್ಲಿಸಿ ಇಪ್ಪತ್ತು ವರ್ಷ ಟಾಕೀಸಿನಲ್ಲಿ ರೀಲು ಓಡಿಸಿದವನು, ಆಮೇಲಿನ ಇಪ್ಪತ್ತು ವರ್ಷದಲ್ಲಿ ಕಂಪ್ಯೂಟರನ್ನೂ ಪಳಗಿಸಿಕೊಂಡೆ. ನಾಲ್ಕು ಪ್ರೊಜೆಕ್ಟರುಗಳು ಒಂದೇ ಗೋಡೆಯ ಮೇಲೆ ಬಿಡುವ ನಾಲ್ಕು ಚಿತ್ರಗಳನ್ನು ನಾನು ಕೂಡಿಸಿದರೆ ಹೊಲಿಗೆ ಎಲ್ಲಿದೆಯೆಂದು ಯಾರೂ ತೋರಿಸಲಾರರು. ತಪ್ಪಿದ್ದು ನನ್ನ ನಾಲಿಗೆ.

ಚಿತ್ರ ಕೂಡಿಸುವ ಮೊದಲು ಗೋಡೆಯ ಎದುರಿಗೊಂದು ಕ್ಯಾಮೆರಾ ಇಡುತ್ತೇವೆ. ಪ್ರೊಜೆಕ್ಟರುಗಳು ಗೋಡೆಯ ಮೇಲೆ ಚುಕ್ಕಿಗಳನ್ನು ಬಿಡುತ್ತವೆ. ಕ್ಯಾಮೆರಾ ಅವನ್ನು ನೋಡಿ ಯಾವುದು ಎಲ್ಲಿ ಬಿತ್ತೆಂದು ಕಂಪ್ಯೂಟರಿಗೆ ತಿಳಿಸುತ್ತದೆ. ಕ್ಯಾಮೆರಾಕ್ಕೆ ವಿವೇಕವಿಲ್ಲ. ನುಣುಪು ನೆಲದಲ್ಲಿ ಹೊಳೆದ ಚುಕ್ಕಿಯನ್ನೂ ನಿಜವೆಂದೇ ನಂಬುತ್ತದೆ. ಅದಕ್ಕೇ ಗೋಡೆಯೊಂದನ್ನು ಬಿಟ್ಟು, ಅದಕ್ಕೆ ಕಾಣುವ ಉಳಿದುದನ್ನೆಲ್ಲ ಕಂಪ್ಯೂಟರಿನಲ್ಲಿ ಗೆರೆ ಎಳೆದು ಕಪ್ಪು ಮಾಡಬೇಕು. ಮುಚ್ಚುವುದು ಎನ್ನುತ್ತೇವೆ.

ಮುಚ್ಚುವ ಕೆಲಸಕ್ಕೆ ರಾಯಚೂರು ಕಡೆಯ ಹೆಂಗಸೊಬ್ಬಳಿದ್ದಳು. ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಕಿಟಕಿಯ ಪರದೆ ಹೊಲಿಯುತ್ತಿದ್ದವಳು, ಬೆಳಕು ತಡೆಯಲು ನಾವು ಕಟ್ಟುವ ಕಪ್ಪು ಬಟ್ಟೆಗಳನ್ನು ಹೊಲಿಯಲು ಬಂದು, ನೋಡಿ ನೋಡಿಯೇ ಮೌಸ್ ಹಿಡಿಯಲು ಕಲಿತಿದ್ದಳು. ನನ್ನನ್ನು ಕಾಕಾ ಎನ್ನುತ್ತಿದ್ದಳು.

ಅಂದು ಗಚ್ಚಿಬೌಲಿಯ ಒಂದು ಕಂಪನಿಯ ಸಭಾಂಗಣದಲ್ಲಿ ಕೆಲಸ. ನಾನು ಏಣಿಯ ಮೇಲಿದ್ದೆ.

“ಕಾಕಾ, ಏನೇನ್ ಮುಚ್ಚಲಿ?”

“ಪರ್ದಾ ಒಂದ್ ಬಿಡು, ಎಲ್ಲಾ ಮುಚ್ಚು.”

“ಪರ್ದಾ ಬಿಡ್ಲಿ? ಖರೇನ?”

“ಮತ್ತ? ಪರ್ದಾ ಮುಚ್ಚಿದ್ರ ಚಿತ್ರ ನನ್ನ ಬೋಳ ತಲಿ ಮ್ಯಾಲ ನೋಡ್ತಾರೇನು?”

ಟಾಕೀಸಿನವನಾದ ನನಗೆ ಚಿತ್ರ ಬೀಳುವ ಜಾಗವೇ ಪರ್ದಾ. ಅಂದು ಅದು ಆ ಗೋಡೆ. ಅವಳಿಗೆ ಪರ್ದಾ ಎಂದರೆ ಕಿಟಕಿಯದು. ಗೋಡೆಯ ಎಡತುದಿಯ ಕಿಟಕಿಗೆ ಹೊಳೆಯುವ ಪರದೆಯೊಂದು ತೂಗುತ್ತಿತ್ತು. ಗೋಡೆಯನ್ನು ಬಿಡಲೇಬೇಕೆಂದು ಅವಳಿಗೆ ಗೊತ್ತಿತ್ತು. ನನ್ನ ಮಾತಿನಂತೆ ಆ ಪರದೆಯನ್ನೂ ಬಿಟ್ಟಳು. ನಾನು ಇಳಿದು ಬಂದು ನೋಡಿದೆ. ಕಂಪ್ಯೂಟರಿನಲ್ಲಿ ಎಡಗಡೆಯ ಆ ಪರದೆ ಕಪ್ಪಾಗದೆ ಉಳಿದದ್ದು ಕಣ್ಣಿಗೆ ಬಿತ್ತು. ಆದರೆ ಊಟದ ಹೊತ್ತಾಗಿತ್ತು. “ಬರೋಬ್ಬರಿ ಐತಿ” ಎಂದುಬಿಟ್ಟೆ.

ಪರದೆ ಎಸಿ ಗಾಳಿಗೆ ಅಲುಗುತ್ತಲೇ ಇತ್ತು. ಅದರ ಮೇಲೆ ಬಿದ್ದ ಚುಕ್ಕಿಗಳನ್ನು ಕ್ಯಾಮೆರಾ ಗೋಡೆಯವೆಂದೇ ನಂಬಿತು. ಮರುದಿನ ಅತಿಥಿಗಳ ಮುಂದೆ, ಕಂಪನಿಯ ಕಟ್ಟಡದ ಚಿತ್ರ ಎಡಗಡೆ ಸೊಂಟ ಮುರಿದುಕೊಂಡು ನಿಂತಿತು.

ನಮ್ಮ ಮ್ಯಾನೇಜರ್ ಕೇಳಿದಾಗ ಅವಳೂ ಇನ್ನಿಬ್ಬರು ಕೆಲಸದವರೂ ಅಲ್ಲೇ ಇದ್ದರು. “ನಾ ಸಾಫ್ ಹೇಳಿದ್ದೆನ್ರಿ, ಆಕಿಗೇ ತಿಳೀಲಿಲ್ಲ” ಎಂದೆ. ಅವಳು ನನ್ನ ಮುಖ ನೋಡಿದಳು. ಅಂದಿನಿಂದ ಅವಳ ಕೈಗೆ ಮೌಸ್ ಸಿಗಲಿಲ್ಲ. ಒಂದು ತಿಂಗಳು ಬರೀ ಕಪ್ಪು ಬಟ್ಟೆ ಹೊಲಿದಳು, ಆಮೇಲೆ ಬರುವುದನ್ನೇ ಬಿಟ್ಟಳು.

ಆರು ತಿಂಗಳು ಸುಮ್ಮನಿದ್ದೆ. ನಲವತ್ತು ವರ್ಷದ ಹೆಸರು ಕೆಡುತ್ತದೆಂಬ ಭಯ, ಬೇರೇನಿಲ್ಲ. ಒಂದು ಮಧ್ಯಾಹ್ನ ನಾಂಪಲ್ಲಿಯ ಸಭಾಂಗಣವೊಂದರಲ್ಲಿ ನಾನೇ ಮುಚ್ಚುತ್ತಿದ್ದಾಗ, ಕಿಟಕಿಯ ಪರದೆಯ ಸುತ್ತ ಗೆರೆ ಎಳೆಯುತ್ತಿದ್ದ ಕೈ ನಿಂತುಹೋಯಿತು. ಬೇಡದ್ದನ್ನು ಕಾಣದಂತೆ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ. ಅಂದೇ ಸುಲ್ತಾನ್ ಬಜಾರಿಗೆ ಹೋದೆ. ಅವಳು ಹಳೆಯ ಅಂಗಡಿಯಲ್ಲೇ ಇದ್ದಳು.

“ತಪ್ಪು ನಂದವ್ವಾ. ನಾನ ನೋಡಿ ಬರೋಬ್ಬರಿ ಐತಿ ಅಂದಿದ್ದೆ.”

ಅವಳು ಹೊಲಿಗೆ ನಿಲ್ಲಿಸಲಿಲ್ಲ. “ಇಲ್ಲಿ ಯಾಕ ಹೇಳ್ತೀರಿ? ಇಲ್ಲಿ ಕೇಳಾಕ ಬರೇ ಪರ್ದಾ ಅದಾವು. ಎಲ್ಲಿ ಅಂದಿದ್ರಿ ಅಲ್ಲೇ ಹೇಳ್ರಿ. ಅವತ್ತ ಇದ್ದವ್ರೆಲ್ಲಾ ಇರಬೇಕು.”

ಮರುದಿನ ಅದೇ ಮ್ಯಾನೇಜರ್, ಅದೇ ಇಬ್ಬರ ಮುಂದೆ ನಿಂತು ಹೇಳಿದೆ. “ಇಷ್ಟ್ ದಿನ ಯಾಕ ಹೇಳ್ಲಿಲ್ರಿ?” ಎಂದು ಮ್ಯಾನೇಜರ್ ಕೇಳಿದ. ಅವಳ ಕೈಗೆ ಮೌಸ್ ಕೊಟ್ಟರೆ ಮಾತ್ರ ನಾನು ಇನ್ನು ಏಣಿ ಹತ್ತುವುದು ಎಂದೆ. ಮುಂದಿನ ವಾರ ಅವಳು ಬಂದಳು.

ಈಗ ಮುಚ್ಚುವ ಮುನ್ನ ಪ್ರತಿ ಸಲವೂ ಕೇಳುತ್ತಾಳೆ: “ಪರ್ದಾ ಅಂದ್ರ ಯಾವ ಪರ್ದಾ, ಸರ್?”

ಉಳಿದವರು ನಗುತ್ತಾರೆ. ನಾನು ಏಣಿ ಇಳಿದು, ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತೇನೆ. ಕಾಕಾ ಎಂದು ಅವಳು ಮತ್ತೆ ಕರೆದಿಲ್ಲ.